ಟ್ಯಾಬ್ಲೆಟ್ಟಿಗೆ ಕಾಣದ ವೀಳ್ಯದ ತಟ್ಟೆ

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ಮೊದಲು ಆಡಿದವರು ಯಾರೋ ತಿಳಿಯದು. ಆ ಹೊತ್ತಿನಲ್ಲಿ ಮೌನವಾಗಿದ್ದವರಂತೂ ಅಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಾತಾಡುತ್ತಿದ್ದವರೇ, ಮಾತು ಮುಗಿಸಿಕೊಂಡು ಬೇಗ ಎದ್ದು ಹೋಗಬೇಕಿದ್ದವರೇ, ಇದನ್ನು ಹೇಳಿ ಮೇಲೊಂದು ಸಂಸ್ಕೃತದ ಮೊಹರು ಒತ್ತಿರಬೇಕು. ಆಸ್ತಿ ಪತ್ರಗಳನ್ನು ಬರೆಯುವುದೇ ಕಸುಬಾಗಿರುವ ನಾನು ಈ ಮಾತನ್ನು ಎಷ್ಟೋ ಮನೆಗಳ ಹಜಾರದಲ್ಲಿ ಕೇಳಿದ್ದೇನೆ. ಹೇಳುವವರು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂತ ಗಂಡಸರು. ಮೌನವಾಗಿರುವವರು ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸರು. ಈಚೆಗೆ ಅದೇ ಮಾತನ್ನು ಒಂದು ಟ್ಯಾಬ್ಲೆಟ್ಟು ತನ್ನದೇ ರೀತಿಯಲ್ಲಿ ಹೇಳಿತು. ಆಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ನಾನು ಶಾಲೆ ಬಿಟ್ಟದ್ದು ಹೈಸ್ಕೂಲಿನ ಮೆಟ್ಟಿಲು ಹತ್ತಿದ ವರ್ಷವೇ. ಪತ್ರ ಬರೆಯುವುದನ್ನು ಕಲಿತದ್ದು ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಹೊಂಗೆ ಮರದಡಿ, ಬೇರೆಯವರು ಬರೆದ ಕ್ರಯಪತ್ರಗಳನ್ನು ನಕಲು ಮಾಡುತ್ತ. ಕಾನೂನು ಕಲಿತದ್ದು ಹಾಳೆ ಕಿತ್ತುಹೋದ ಹಳೆಯ ಪುಸ್ತಕಗಳನ್ನು ಕೊಂಡು, ಕಿತ್ತುಹೋದ ಹಾಳೆಯಲ್ಲಿ ಏನಿದ್ದಿರಬಹುದು ಎಂದು ಯೋಚಿಸುತ್ತ. ಹಾಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ, ನೀವು ನೋಡಿದಿರಾ ಎಂದು ಕೇಳುವುದು. ಓದಿದವರು ಹೇಳಿದರು ಎಂಬುದು ನನಗೆ ಸಾಕ್ಷಿಯಲ್ಲ. ಹಿರಿಯರು ಹೇಳಿದರು ಎಂಬುದೂ ಅಲ್ಲ. ಈಗ ನಾನೇ ಹಿರಿಯನಾಗಿರುವುದರಿಂದ, ಹಿರಿಯರು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆಂಬುದೂ ನನಗೆ ಚೆನ್ನಾಗಿ ಗೊತ್ತು.

ಮರದಡಿಯ ಮೇಜು ಹೋದ ಮೇಲೆ ಜಯನಗರದ ವಕೀಲರೊಬ್ಬರು ತಮ್ಮ ಕಚೇರಿಯಲ್ಲಿ ನನಗೊಂದು ಕುರ್ಚಿ ಕೊಟ್ಟರು. ಅವರು ತೀರಿಕೊಂಡ ಮೇಲೆ ಕಚೇರಿಯನ್ನು ಅವರ ಮಗಳು ನಡೆಸುತ್ತಿದ್ದಾಳೆ. ಫ್ರಾಕು ತೊಟ್ಟ ಕಾಲದಿಂದ ನೋಡಿದ ಹುಡುಗಿ. ಕಕ್ಷಿದಾರರ ಎದುರು ನಾನು ಅವಳನ್ನು ಮೇಡಂ ಎನ್ನುತ್ತೇನೆ. ಇಬ್ಬರೇ ಇದ್ದಾಗ ಕಣಮ್ಮ ಎನ್ನುತ್ತೇನೆ. ಅವಳಿಗೆ ನಾನು ಯಾವಾಗಲೂ ಅಂಕಲ್. ಕಳೆದ ವರ್ಷ ಬನಶಂಕರಿಯ ಒಂದು ಹೋಟೆಲಿನ ಸಭಾಂಗಣದಲ್ಲಿ, ವೃತ್ತಿನಿರತರಿಗೆ ಉಪಯುಕ್ತವಾದ ಆ್ಯಪ್‌ಗಳ ಬಗ್ಗೆ ಅರ್ಧ ದಿನದ ತರಬೇತಿಗೆ ಹೋಗಿ ಬಂದಳು. ಮರುದಿನವೇ ಕಚೇರಿಗೆ ಟ್ಯಾಬ್ಲೆಟ್ಟು ಬಂತು. ಪತ್ರಗಳನ್ನು ಸ್ಕ್ಯಾನ್ ಮಾಡಲು ಒಂದು ಆ್ಯಪ್, ಕೂತಲ್ಲೇ ಸಹಿ ಹಾಕಿಸಲು ಒಂದು, ಕರಡು ತಯಾರಿಸಲು ಒಂದು, ಮಾತುಕತೆಯನ್ನು ಕೇಳಿಸಿಕೊಂಡು ಸಾರಾಂಶ ಬರೆದುಕೊಡಲು ಇನ್ನೊಂದು.

ಇವುಗಳಿಂದ ಉಪಕಾರವೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಪೊರೆ ಬಂದ ನನ್ನ ಕಣ್ಣಿಗೆ ಹಳೆಯ ಮೋಡಿ ಅಕ್ಷರವನ್ನು ಬೆರಳಲ್ಲಿ ಹಿಗ್ಗಿಸಿ ಓದುವುದು ದೊಡ್ಡ ಸೌಕರ್ಯ. ಪತ್ರಗಳ ಗಂಟು ಹೊತ್ತು ಬಸ್ಸು ಹತ್ತುವುದು ತಪ್ಪಿತು. ಆದರೆ ಮೊದಲ ವಾರವೇ ಆ ಸ್ಕ್ಯಾನ್ ಮಾಡುವ ಆ್ಯಪ್ ಒಂದು ಹಳೆಯ ಕ್ರಯಪತ್ರದ ಹಳದಿ ಕಾಗದವನ್ನು ಬೆಳ್ಳಗೆ ಮಾಡುವಾಗ, ಅಂಚಿನಲ್ಲಿದ್ದ ಮಾಸಿದ ಹೆಬ್ಬೆಟ್ಟಿನ ಗುರುತನ್ನು ಕೊಳೆಯೆಂದು ಒರೆಸಿ ಹಾಕಿತು.

"ಎಷ್ಟು ಕ್ಲೀನ್ ಆಗಿದೆ ನೋಡಿ ಅಂಕಲ್," ಎಂದಳು.

"ಕ್ಲೀನ್ ಏನೋ ಆಗಿದೆ. ಒಬ್ಬ ಮನುಷ್ಯನೇ ಒರೆಸಿಹೋಗಿದ್ದಾನೆ ಕಣಮ್ಮ," ಎಂದೆ.

ಅವಳು ನಕ್ಕು, ಆ ಸೌಲಭ್ಯವನ್ನು ಆಫ್ ಮಾಡಿದಳು. ನಾನು ನಗಲಿಲ್ಲ. ಹೆಬ್ಬೆಟ್ಟಿನ ಗುರುತು ಮೂಲ ಕಾಗದದಲ್ಲಿ ಇನ್ನೂ ಇತ್ತು. ಮತ್ತೆ ಸ್ಕ್ಯಾನ್ ಮಾಡಿದರೆ ಮುಗಿಯಿತು. ಮೂಲವೇ ಇಲ್ಲದ ಕಡೆ ಹೀಗೆ ಒರೆಸಿದರೆ ಏನು ಗತಿ ಎಂದು ಯೋಚಿಸುತ್ತಿದ್ದೆ. ಅದಕ್ಕೆ ಉತ್ತರ ಉತ್ತರಹಳ್ಳಿಯಲ್ಲಿ ಸಿಕ್ಕಿತು.

ಉತ್ತರಹಳ್ಳಿಯ ಹಳೆಯ ಒಕ್ಕಲು ಮನೆತನವೊಂದು ನಮ್ಮ ಕಚೇರಿಗೆ ಬಂದಿತ್ತು. ಹಿಂದೆ ರಾಗಿ, ಹುರುಳಿ, ಸೇವಂತಿಗೆ ಬೆಳೆಯುತ್ತಿದ್ದವರು. ಈಗ ಅದೇ ನೆಲದಲ್ಲಿ ಬಾಡಿಗೆ ಮನೆಗಳು ಎದ್ದಿವೆ. ಇಬ್ಬರು ತಮ್ಮಂದಿರು, ಅವರಿಗೆ ಒಬ್ಬಳು ಅಕ್ಕ. ತಂದೆ ಉಯಿಲು ಬರೆಯದೆ ಹೋದದ್ದರಿಂದ ಮೂವರಿಗೂ ಸಮಪಾಲು. ತಮ್ಮಂದಿರು ಮುಂದುಗಡೆ ಹೊಸ ಮನೆ ಕಟ್ಟಿಕೊಂಡಿದ್ದಾರೆ. ಹಿಂದಿನ ಹಳೆಯ ಮನೆಯಲ್ಲಿ ಎರಡು ಕೋಣೆ ಮಾತ್ರ ಉಳಿದಿವೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ ಅಲ್ಲಿರುತ್ತಾಳೆ. ಒಂದರಲ್ಲಿ ಮಲಗುತ್ತಾಳೆ, ಇನ್ನೊಂದರಲ್ಲಿ ಒಲೆ ಹೂಡಿ ಸಾರಿನ ಪುಡಿ, ಚಟ್ನಿಪುಡಿ ಹುರಿದು ಕುಟ್ಟಿ ಸುತ್ತಲಿನ ಅಪಾರ್ಟ್‌ಮೆಂಟಿನವರಿಗೆ ಮಾರುತ್ತಾಳೆ. ಅವಳ ಊಟ ಅವಳದೇ. ಬಚ್ಚಲ ಗೋಡೆಗೆ ಅವಳೇ ಹಬ್ಬಿಸಿದ ವೀಳ್ಯದೆಲೆ ಬಳ್ಳಿಯೊಂದಿದೆ.

ತಮ್ಮಂದಿರಿಗೆ ಆ ಎರಡು ಕೋಣೆ ಒಡೆದು, ಇಡೀ ನಿವೇಶನದಲ್ಲಿ ಪಿ.ಜಿ. ಕಟ್ಟಡ ಎಬ್ಬಿಸಬೇಕಿತ್ತು. ಅದಕ್ಕೆ ಅಕ್ಕ ತನ್ನ ಪಾಲನ್ನು ಬಿಟ್ಟುಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ಅವಳು ಬಿಟ್ಟುಕೊಡುತ್ತಾಳೋ ಇಲ್ಲವೋ, ಬಿಟ್ಟರೆ ಅವಳ ಒಲೆ ಎಲ್ಲಿಗೆ ಹೋಗುತ್ತದೆ, ಇಷ್ಟೇ ಪ್ರಶ್ನೆ. ಇದನ್ನು ಕೇಳಲು ಒಂದು ಭಾನುವಾರ ಬೆಳಿಗ್ಗೆ ವಕೀಲೆಯೂ ನಾನೂ ಅವರ ಮನೆಗೆ ಹೋದೆವು. ಟೀಪಾಯಿಯ ಮೇಲಿನ ಮಿಕ್ಸ್ಚರ್ ಡಬ್ಬಕ್ಕೆ ಒರಗಿಸಿ ಅವಳು ಟ್ಯಾಬ್ಲೆಟ್ಟು ನಿಲ್ಲಿಸಿದಳು. ಮಾತುಕತೆಯನ್ನು ಇದು ಕೇಳಿಸಿಕೊಳ್ಳುತ್ತದೆ, ಯಾರದೂ ಅಭ್ಯಂತರವಿಲ್ಲವಷ್ಟೇ ಎಂದಳು. ಯಾರೂ ಏನೂ ಅನ್ನಲಿಲ್ಲ. ನೋಡಿ, ಮೊದಲ ಮೌನ ಅಲ್ಲೇ ಸಮ್ಮತಿಯಾಯಿತು.

"ಅಕ್ಕ ಅಂದ್ರೆ ನಮಗೆ ತಾಯಿ ಇದ್ದಂಗೆ ಮೇಡಂ," ಎಂದು ದೊಡ್ಡ ತಮ್ಮ ಶುರುಮಾಡಿದ. "ಅಮ್ಮ ಹೋದ್ಮೇಲೆ ನಮ್ಮಿಬ್ರಿಗೂ ಅನ್ನ ಹಾಕಿದ್ದೇ ಅವಳು. ಅವಳಿಗೊಂದು ರೂಮ್ ಕೊಡಲ್ವಾ ನಾವು?"

"ಯಾವ ರೂಮ್ ಅಂತ ಪತ್ರದಲ್ಲಿ ಬರೀಬೇಕಾಗುತ್ತೆ," ಎಂದಳು ವಕೀಲೆ.

"ಅದೇನು ಬರೆಯೋದಿದೆ ಮೇಡಂ," ಎಂದ ಚಿಕ್ಕ ತಮ್ಮ. "ಒಂದು ತಿಂಗಳು ಅಣ್ಣನ ಮನೆ, ಒಂದು ತಿಂಗಳು ನಮ್ಮನೆ. ಬ್ಯಾಗ್ ಪ್ಯಾಕ್ ಮಾಡ್ಕೊಂಡು ಟೂರ್ ಹೊಡೀತಾ ಇರ್ತಾಳೆ."

ಎಲ್ಲರೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಹೇಳಿದಳು: "ಟೂರಿಗೆ ಹೋಗೋರಿಗೆ ವಾಪಸ್ ಬರಕ್ಕೊಂದು ಮನೆ ಇರುತ್ತೆ ಕಣಪ್ಪ."

"ಇದೂ ನಿನ್ನ ಮನೇನೇ ಅಲ್ವಾ."

"ಆ ಗೋಡೆ ಒಡೆದ್ರೆ ನನ್ನ ಒಲೆ ಎಲ್ಲಿಡ್ಲಿ? ಮೊದ್ಲು ಅದನ್ನ ಹೇಳಿ."

"ಈ ಕಾಲ್ದಲ್ಲಿ ಒಲೆ ಯಾರಿಡ್ತಾರಕ್ಕ," ಎಂದ ದೊಡ್ಡವನು. "ಸ್ಟವ್ ಐತೆ, ಮಿಕ್ಸಿ ಐತೆ. ಆರಾಮಾಗಿ ಟಿವಿ ನೋಡ್ಕೊಂಡಿರು. ನಮ್ಮಲ್ಲಿ ಹೆಣ್ಮಕ್ಕಳು ಭಾಗ ಕೇಳೋ ಪದ್ಧತಿ ಇಲ್ಲ ಮೇಡಂ. ಅವಳೂ ಕೇಳ್ತಿಲ್ಲ. ಏನಕ್ಕ?"

ಅಕ್ಕ ಒಳಗೆ ಹೋಗಿ ವೀಳ್ಯದ ತಟ್ಟೆ ತಂದಳು.

ಇಲ್ಲಿ ತಟ್ಟೆಯ ವಿಷಯ ಹೇಳಬೇಕು. ಈ ಕಡೆಯ ಹಳೆಯ ಒಕ್ಕಲು ಮನೆಗಳಲ್ಲಿ ಭಾಗದ ಮಾತುಕತೆ ಒಂದು ಹದಕ್ಕೆ ಬಂದಾಗ ವೀಳ್ಯದ ತಟ್ಟೆ ತಿರುಗುತ್ತದೆ. ಒಪ್ಪಿದವರು ಎಲೆ ಅಡಿಕೆ ಎತ್ತಿಕೊಳ್ಳುತ್ತಾರೆ, ಒಪ್ಪದವರು ಮುಟ್ಟುವುದಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಸಂಬಂಧ ಹರಿಯುತ್ತದೆ. ಎಲೆ ಮುಟ್ಟದಿದ್ದರೆ ಮಾತು ಮಾತ್ರ ನಿಲ್ಲುತ್ತದೆ, ಸಂಬಂಧ ಉಳಿಯುತ್ತದೆ. ಇದು ಅನಾದಿ ಕಾಲದ ಪದ್ಧತಿ ಎಂದು ಅವರೆಲ್ಲ ಹೇಳುತ್ತಾರೆ. ಅನಾದಿಯನ್ನು ನಾನು ಕಂಡಿಲ್ಲ, ಆದ್ದರಿಂದ ಅದನ್ನು ನಂಬುವುದಿಲ್ಲ. ಆದರೆ ತಟ್ಟೆ ಮುಟ್ಟದೆ ಯಾರಾದರೊಬ್ಬರು ಎದ್ದು ಹೋದ ಮಾತುಕತೆಗೆ ಮರುದಿನ ಪತ್ರ ಬರೆಸಲು ಬಂದವರನ್ನು ನಾನು ನನ್ನ ಮೇಜಿನ ಮುಂದೆ ಒಮ್ಮೆಯೂ ಕಂಡಿರಲಿಲ್ಲ. ಇಷ್ಟು ನನಗೆ ಕಣ್ಣಾರೆ ಗೊತ್ತು.

ಅಕ್ಕ ತಟ್ಟೆಯನ್ನು ವಕೀಲೆಗೆ ಒಡ್ಡಿದಳು, ನನಗೆ ಒಡ್ಡಿದಳು, ತಮ್ಮಂದಿರಿಗೂ ಒಡ್ಡಿದಳು. ತಮ್ಮಂದಿರು ಎತ್ತಿಕೊಂಡರು. "ನೀನೂ ತಗೊಳ್ಳಕ್ಕ," ಎಂದ ದೊಡ್ಡವನು. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಬಗ್ಗಿ ತಟ್ಟೆಯನ್ನು ನೆಲದ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹಿತ್ತಿಲ ಬಾಗಿಲಿಂದ ತನ್ನ ಕೋಣೆಯ ಕಡೆಗೆ ಹೋದಳು. ಹಜಾರದಲ್ಲಿ ಸದ್ದಿಲ್ಲ. ತಮ್ಮಂದಿರು ತಟ್ಟೆಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಮಾತುಕತೆ ಮುರಿದುಬಿತ್ತು ಎಂಬುದು ಇಷ್ಟು ಸ್ಪಷ್ಟವಾಗಿರುವಾಗ ಬಾಯಿ ಬಿಡುವ ಅಗತ್ಯ ನನಗೆ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ದೊಡ್ಡವನು "ಆಯ್ತು ಹಂಗಾದ್ರೆ," ಎಂದ. ನಾವು ಎದ್ದು ಬಂದೆವು. ಕೈಗೆ ಬಂದ ಎಲೆಯನ್ನು ನಾನು ಅಲ್ಲೇ ಟೀಪಾಯಿಯ ಮೇಲೆ ಬಿಟ್ಟೆ. ವಕೀಲೆ ತನ್ನದನ್ನು ಚೀಲದಲ್ಲಿ ಹಾಕಿಕೊಂಡಳು. ಅವಳಿಗೆ ಅದು ಬಾಗಿನದಂತೆ ಮರ್ಯಾದೆಯ ವಸ್ತು, ಅಷ್ಟೇ.

ಸೋಮವಾರ ಕಚೇರಿಗೆ ಹೋದರೆ ನನ್ನ ಮೇಜಿನ ಮೇಲೆ ಬಿಡುಗಡೆ ಪತ್ರದ ಕರಡು ತಯಾರಾಗಿ ಕೂತಿತ್ತು. ಆ್ಯಪ್ ಬರೆದ ಸಾರಾಂಶ, ಆ ಸಾರಾಂಶದಿಂದ ಇನ್ನೊಂದು ಆ್ಯಪ್ ಬರೆದ ಕರಡು. ಸಾರಾಂಶ ನಾವು ಅವರ ಗೇಟು ದಾಟುವ ಮೊದಲೇ ಎಲ್ಲರ ಫೋನಿಗೂ ತಲುಪಿತ್ತಂತೆ. ಅದರಲ್ಲಿ ಹೀಗಿತ್ತು: ಸಹೋದರಿಯು ಸಹೋದರರ ಮನೆಗಳಲ್ಲಿ ಸರದಿಯಂತೆ ವಾಸಿಸುವ ಬಗ್ಗೆ ಚರ್ಚೆಯಾಯಿತು, ಆಕ್ಷೇಪಣೆ ಬಂದಿಲ್ಲ, ಎಲ್ಲರೂ ಸಮ್ಮತಿಸಿದರು. ಅದರ ಕೆಳಗೆ ಇನ್ನೊಂದು ಸಾಲು: ಅಡುಗೆ ವ್ಯವಸ್ಥೆಯ ಕುರಿತು ಲಘು ಮಾತುಕತೆ ನಡೆಯಿತು.

ಲಘು ಮಾತುಕತೆ. ಹೊಟ್ಟೆಪಾಡಿನ ಒಲೆ ಎಲ್ಲಿಡಲಿ ಎಂದು ಒಬ್ಬ ಹೆಂಗಸು ಕೇಳಿದ ಪ್ರಶ್ನೆ ಲಘು ಮಾತುಕತೆ.

"ಈ ಕರಡನ್ನ ನಾನು ಮುಟ್ಟಲ್ಲ ಕಣಮ್ಮ," ಎಂದೆ.

"ಯಾಕೆ ಅಂಕಲ್? ಭಾಷೆ ಸರಿ ಇಲ್ವಾ?"

"ಭಾಷೆ ಸರಿ ಇದೆ. ಆಯಮ್ಮ ಒಪ್ಪಲಿಲ್ಲ."

"ಇಲ್ಲ ಅಂತ ಎಲ್ಲಿ ಹೇಳಿದ್ರು? ಟೂಲ್ ಯಾರ ಪಕ್ಷನೂ ವಹಿಸಲ್ಲ ಅಂಕಲ್. ಹೇಳಿದ್ದನ್ನ ಬರೆಯುತ್ತೆ."

"ಪಕ್ಷ ವಹಿಸೋಕೆ ಮೊದ್ಲು ಕಣ್ಣಿರಬೇಕು. ತಟ್ಟೆ ಕೆಳಗಿಟ್ಟಿದ್ದನ್ನ ನೀನು ನೋಡ್ಲಿಲ್ವಾ?"

"ನೋಡಿದೆ. ಕೈ ಸೋತಿತ್ತೇನೋ ಅಂದ್ಕೊಂಡೆ."

ತಟ್ಟೆಯ ಅರ್ಥವನ್ನು ಆಗ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, "ಅದನ್ನ ನಿನ್ನೇನೇ ಹೇಳಬಹುದಿತ್ತಲ್ಲ ಅಂಕಲ್," ಎಂದಳು. ಅದು ನ್ಯಾಯವಾದ ಮಾತೇ. ಅಲ್ಲಿದ್ದವರಿಗೆಲ್ಲ ಗೊತ್ತಿದೆ ಎಂದು ನಾನು ಭಾವಿಸಿದ್ದೆ. ಅವಳು ಹುಟ್ಟಿ ಬೆಳೆದದ್ದು ಜಯನಗರದ ಬ್ಲಾಕುಗಳ ನಡುವೆ, ಅವಳಿಗೆ ಗೊತ್ತಿರಲಿಲ್ಲ. ಯಂತ್ರಕ್ಕೆ ಗೊತ್ತಿರಲು ಸಾಧ್ಯವೇ ಇಲ್ಲ. ಇವರಿಬ್ಬರ ಮೇಲೆ ನನಗೆ ಬಂದದ್ದು ಸಣ್ಣ ಸಿಟ್ಟು. ದೊಡ್ಡ ಸಿಟ್ಟು ಬಂದದ್ದು ಗೊತ್ತಿದ್ದ ಆ ಇಬ್ಬರು ತಮ್ಮಂದಿರ ಮೇಲೆ. ಕಣ್ಣೆದುರು ತಟ್ಟೆ ನೆಲಕ್ಕಿಳಿದದ್ದನ್ನು ನೋಡಿ, ಏನೂ ಗೊತ್ತಿಲ್ಲದ ಯಂತ್ರದ ಹಿಂದೆ ಅವರು ಅವಿತುಕೊಂಡರು.

ಸಾರಾಂಶ ಬೇಡ, ಮೂಲ ಧ್ವನಿ ಕೇಳಿಸು ಎಂದೆ. ಅವಳು ಟ್ಯಾಬ್ಲೆಟ್ಟು ನನ್ನೆದುರಿಗಿಟ್ಟು ಒತ್ತಿದಳು. ಟೂರಿನ ಮಾತು ಬಂತು, ನಗು ಬಂತು, ಒಲೆಯ ಮಾತು ಬಂತು. "ನೀನೂ ತಗೊಳ್ಳಕ್ಕ" ಎಂಬುದು ಬಂತು. ತಕ್ಷಣವೇ, ಉಸಿರು ಬಿಡಲೂ ಎಡೆಯಿಲ್ಲದಂತೆ, "ಆಯ್ತು ಹಂಗಾದ್ರೆ" ಎಂಬುದೂ ಬಂತು.

"ನಡುವೆ ಇದ್ದದ್ದೆಲ್ಲಿ?" ಎಂದು ಕೇಳಿದೆ.

ಅವಳು ಒಮ್ಮೆ ಹಿಂದೆ ಸರಿಸಿ ಮತ್ತೆ ಕೇಳಿದಳು. ಆಮೇಲೆ ಏನೋ ಹುಡುಕಿ, ಮುಖ ಕೆಂಪಗೆ ಮಾಡಿಕೊಂಡು ಹೇಳಿದಳು: ಆ ಆ್ಯಪ್‌ನಲ್ಲಿ ಮೌನವನ್ನು ಕತ್ತರಿಸಿಹಾಕುವ ಒಂದು ಸೌಲಭ್ಯವಿದೆಯಂತೆ. ಕೇಳುವವರ ಸಮಯ ಉಳಿಯಲಿ ಎಂದು. ತರಬೇತಿಯಲ್ಲಿ ಅದನ್ನು ಬಹಳ ಹೊಗಳಿದ್ದರಂತೆ.

ಇಂಥದನ್ನು ಮಾಡಿದವರು ಎಂಥ ಮನೆಗಳಲ್ಲಿ ಬೆಳೆದವರೋ ನಾನರಿಯೆ. ಅವರ ಮನೆಯಲ್ಲಿ ಯಾರೂ ಯಾವತ್ತೂ ಮಾತು ನಿಲ್ಲಿಸಿ ಮುಖ ನೋಡಿರಲಿಕ್ಕಿಲ್ಲ. ನಮ್ಮ ಮನೆಗಳಲ್ಲಿ ಮುಖ್ಯವಾದದ್ದನ್ನೆಲ್ಲ ಎರಡು ಮಾತಿನ ನಡುವೆಯೇ ಹೇಳುತ್ತಾರೆ. ಆ ನಡುವನ್ನು ಕಸವೆಂದು ಗುಡಿಸಿ, ಪ್ರಶ್ನೆಯನ್ನೂ ತೀರ್ಮಾನವನ್ನೂ ಅಂಟಿಸಿಬಿಟ್ಟರೆ, ಆ ಅಂಟಿನಲ್ಲಿ ಅಕ್ಕನ ಎರಡು ಕೋಣೆಗಳು ಹೂತುಹೋಗುತ್ತವೆ. ಹಿಂದೆ ಟೈಪಿಸ್ಟರೂ ತಪ್ಪು ಮಾಡುತ್ತಿದ್ದರು, ಒಂದು ಸರ್ವೆ ನಂಬರು ತಪ್ಪಿ ಹತ್ತು ವರ್ಷ ಕೋರ್ಟು ಅಲೆದವರನ್ನು ನಾನು ಬಲ್ಲೆ. ಆದರೆ ಆ ತಪ್ಪು ತಪ್ಪಿನ ಹಾಗೇ ಕಾಣುತ್ತಿತ್ತು. ಇದು ಅಚ್ಚುಕಟ್ಟಾಗಿ, ಒಂದೂ ಕಾಗುಣಿತದ ದೋಷವಿಲ್ಲದೆ, ಸರಿಯ ಹಾಗೇ ಕಾಣುತ್ತದೆ.

ಪುಣ್ಯಕ್ಕೆ ಕತ್ತರಿಸದ ಧ್ವನಿಯನ್ನು ಟ್ಯಾಬ್ಲೆಟ್ಟು ಇನ್ನೂ ಅಳಿಸಿರಲಿಲ್ಲ. ಅವಳು ಅದನ್ನು ಹುಡುಕಿ ತೆಗೆದಳು. ತಟ್ಟೆ ನೆಲಕ್ಕೆ ತಗುಲಿದ ಸಣ್ಣ ಸದ್ದು ಕೇಳಿಸಿತು. ಆಮೇಲೆ ಫ್ಯಾನು, ದೂರದಲ್ಲಿ ಯಾರದೋ ಕುಕ್ಕರಿನ ಕೂಗು, ಹಿತ್ತಿಲ ಬಾಗಿಲಿನ ಕಿರುಗುಟ್ಟುವಿಕೆ, ಮತ್ತೆ ಫ್ಯಾನು. ನಾವಿಬ್ಬರೂ ಕೂತು ಅದನ್ನು ಕೊನೆಯವರೆಗೂ ಕೇಳಿದೆವು. ಕಾಫಿ ತಂದ ಕಚೇರಿಯ ಹೆಂಗಸು, ಆಡದ ರೇಡಿಯೋ ಮುಂದೆ ಕೂತವರನ್ನು ನೋಡುವಂತೆ ನಮ್ಮನ್ನು ನೋಡಿ ಹೋದಳು.

"ಇಷ್ಟು ಹೊತ್ತಾ," ಎಂದಳು ವಕೀಲೆ.

ಚಿಕ್ಕ ತಮ್ಮನಿಗೆ ನಾನೇ ಫೋನು ಮಾಡಿದೆ. "ಆ್ಯಪಲ್ಲೇ ಬಂದಿದೆಯಲ್ಲ ಸಾರ್, ಎಲ್ರೂ ಒಪ್ಪಿದ್ರು ಅಂತ," ಎಂದ.

"ತಟ್ಟೆ ಏನಾಯ್ತಪ್ಪ?"

"ಅದೆಲ್ಲಾ ಹಳೇ ಕಾಲದ್ದು ಬಿಡಿ ಸಾರ್."

"ಹೆಣ್ಮಕ್ಕಳು ಭಾಗ ಕೇಳೋ ಪದ್ಧತಿ ಇಲ್ಲ ಅಂದ್ರಲ್ಲ, ಅದು ಯಾವ ಕಾಲದ್ದು? ನಿಮಗೆ ಬೇಕಾದ ಪದ್ಧತಿ ಮಾತ್ರ ಉಳಿಸ್ಕೊಂಡು, ಬೇಡದ್ದಕ್ಕೆ ಆ್ಯಪ್ ತಂದ್ರಾ?"

ಅವನು ಮಾತು ತಿರುಗಿಸಿ, "ಅಕ್ಕ ಆಗ್ಲೇ ಸೈನ್ ಮಾಡಿದ್ದಾಳೆ ಸಾರ್, ಫೋನಲ್ಲಿ," ಎಂದ. ಅವಳು ಸಹಿ ಹಾಕಿದ್ದು ಸಾರಾಂಶಕ್ಕೆ, ಬಿಡುಗಡೆ ಪತ್ರಕ್ಕಲ್ಲ. ಆ ಪತ್ರಕ್ಕೆ ಅವಳೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕು. ಕೂತಲ್ಲಿಂದ ಆಗುವ ಕೆಲಸವಲ್ಲ. ಆದರೆ ಒಪ್ಪಿದ್ದೀಯ, ಸಹಿಯೂ ಹಾಕಿದ್ದೀಯ, ಈಗೇಕೆ ತಕರಾರು ಎಂದು ನಾಲ್ಕು ಜನರ ಮುಂದೆ ಕೇಳಿ ಅವಳನ್ನು ಅಲ್ಲಿಗೆ ಕರೆದೊಯ್ಯಲು ಅಷ್ಟು ಸಾಕು. ವಕೀಲೆಗೂ ಅದು ಕೂಡಲೇ ಹೊಳೆಯಿತು. ಟ್ಯಾಬ್ಲೆಟ್ಟನ್ನು ಚೀಲಕ್ಕೆ ತುರುಕಿ, "ನಡೀರಿ ಅಂಕಲ್," ಎಂದು ಆಟೋ ಕರೆದಳು.

ನಾವು ಮುಂದಿನ ಮನೆಗೆ ಹೋಗದೆ ಹಿತ್ತಿಲ ಕಡೆಯಿಂದ ಹೋದೆವು. ಅಕ್ಕ ಬಾಂಡ್ಲಿಯಲ್ಲಿ ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಉರಿ ತಗ್ಗಿಸಿ, ನಮಗೆ ಮಣೆ ಹಾಕಿದಳು. ಫೋನಿನಲ್ಲಿ ಸಹಿ ಹಾಕಿದಿರಾ ಎಂದು ವಕೀಲೆ ಕೇಳಿದಳು.

"ಸೈನಾ? ನಾನೇನೂ ಬರೀಲಿಲ್ವಲ್ಲ ಮೇಡಂ. ಚಿಕ್ಕೋನು ಬಂದು, ಅಕ್ಕ, ನಿನ್ನ ಫೋನಿಗೆ ಒಂದು ನಂಬರ್ ಬಂದೈತೆ, ಓದಿ ಹೇಳು ಅಂದ. ಸಿಲಿಂಡ್ರ್ ಬಂದಾಗ ಹುಡುಗ ಕೇಳ್ತಾನಲ್ಲ, ಹಂಗೇ. ಹೇಳ್ದೆ."

"ಮೀಟಿಂಗಲ್ಲಿ ನೀವು ಒಪ್ಪಿದ್ರಾ?"

ಅಕ್ಕ ವಕೀಲೆಯನ್ನು ಬಿಟ್ಟು ನನ್ನ ಕಡೆ ನೋಡಿದಳು. "ಬೇಡ ಅಂದ್ನಲ್ಲ ಸಾರ್. ತಟ್ಟೆ ಕೆಳಗಿಟ್ಟೆ. ಇನ್ನೇನು ಸೌಟಲ್ಲಿ ಬಡಿದು ಹೇಳ್ಬೇಕಿತ್ತಾ?"

"ಈ ಯಂತ್ರಕ್ಕೆ ತಟ್ಟೆ ಕಾಣಲ್ಲಮ್ಮ," ಎಂದೆ.

"ಯಂತ್ರಕ್ಕೆ ಕಾಣಲ್ಲ ಸರಿ. ನನ್ನ ತಮ್ಮಂದ್ರಿಗೂ ಕಾಣಲ್ವಾ? ಆ ತಟ್ಟೆ ನೋಡ್ಕೊಂಡೇ ಬೆಳೆದೋರು."

ವಕೀಲೆ ಅಲ್ಲಿಯೇ ಕೂತು, ಆ ಸಹಿ ತಿಳಿಯದೆ ಆದದ್ದು, ಅದನ್ನು ಹಿಂಪಡೆಯಲಾಗಿದೆ ಎಂದು ಮೂವರಿಗೂ ಕಳುಹಿಸಿದಳು. ತಮ್ಮಂದಿರೂ ತನ್ನ ಕಕ್ಷಿದಾರರೇ ಎಂಬ ಸಂಕೋಚ ಅವಳಿಗೆ ಇದ್ದಿರಬೇಕು; ಆದರೂ ಕಳುಹಿಸಿದಳು. ನಿಮಗೆ ಏನು ಬೇಕು ಎಂದು ಆಮೇಲೆ ಅಕ್ಕನನ್ನು ಕೇಳಿದಳು. ಅದುವರೆಗೆ ನಮ್ಮಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅಕ್ಕ ಬಾಂಡ್ಲಿಯ ಕಡೆ ತಿರುಗಿ ಬೀಜ ಕೆದಕಿದಳು. ನಾವು ಹೊರಡುವಾಗ, "ಇನ್ನೊಂದ್ಸಲ ಕೂರೋಣ ಮೇಡಂ. ಎಲ್ರ ಮುಂದೇನೇ ಹೇಳ್ತೀನಿ. ಆ ನಿಮ್ಮ ಹಲಗೇನೂ ತನ್ನಿ," ಎಂದಳು. ಹಲಗೆಯೆಂದರೆ ಟ್ಯಾಬ್ಲೆಟ್ಟು. ಅದು ಬೇಡವೇ ಬೇಡ ಎಂದು ನಾನು ವಾದಿಸಿದೆ. ಅವಳು ಕೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಅದೇ ಹಜಾರ. ವಕೀಲೆ ಮೌನ ಕತ್ತರಿಸುವ ಸೌಲಭ್ಯವನ್ನೂ ಸಾರಾಂಶ ತಾನಾಗಿಯೇ ಎಲ್ಲರಿಗೂ ಹೋಗುವುದನ್ನೂ ಮೊದಲೇ ಆಫ್ ಮಾಡಿಕೊಂಡು ಬಂದಿದ್ದಳು. ಅಕ್ಕ ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಬಂದು ಬೆತ್ತದ ಮೋಡಾದ ಮೇಲೆ ಕೂತು, ಟ್ಯಾಬ್ಲೆಟ್ಟನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಕೇಳುಸ್ಕೊಳ್ತಾ ಐತಾ ಇದು?"

"ಕೇಳಿಸ್ಕೊಳ್ತಿದೆ," ಎಂದಳು ವಕೀಲೆ.

"ಹಂಗಾದ್ರೆ ಕೇಳ್ಲಿ. ಹೊಸ ಬಿಲ್ಡಿಂಗಲ್ಲಿ ಕೆಳಗಡೆ ಎರಡು ಕೋಣೆ. ಅದಕ್ಕೆ ಬೇರೆ ಬಾಗಿಲು. ನನ್ನ ಹೆಸರಲ್ಲಿ. ಅದನ್ನ ಬರೆದ್ರೆ ಮಿಕ್ಕಿದ್ದು ಬಿಟ್ಕೊಡ್ತೀನಿ. ಬರೀಲಿಲ್ಲ ಅಂದ್ರೆ ಆ ಗೋಡೆ ಮೇಲೆ ಯಾರೂ ಹಾರೆ ಇಡಂಗಿಲ್ಲ."

"ಯಾರಕ್ಕ ನಿನಗೆ ಹೇಳ್ಕೊಟ್ಟಿದ್ದು?" ಎಂದು ದೊಡ್ಡವನು ನನ್ನ ಕಡೆ ನೋಡಿದ.

"ನಿಮ್ಮಿಬ್ರಿಗೂ ಮಾತಾಡೋದು ಹೇಳ್ಕೊಟ್ಟೋಳು ನಾನು. ನನಗೆ ಇನ್ಯಾರು ಹೇಳ್ಕೊಡ್ತಾರೆ?"

ಚಿಕ್ಕವನಿಗೆ ನಗು ತಡೆಯಲಾಗಲಿಲ್ಲ. ಅವನು ತಲೆ ಕೆರೆದುಕೊಂಡು, "ಕೆಳಗಡೆ ಎರಡು ತಾನೇ, ಕೊಡೋಣ ಬಿಡಣ್ಣ," ಎಂದ. ಅಕ್ಕ ತಟ್ಟೆ ತಂದಳು. ಅವನು ಎಲೆ ಎತ್ತಿಕೊಂಡ, ಅಕ್ಕ ಎತ್ತಿಕೊಂಡಳು. ದೊಡ್ಡವನು ಎತ್ತಿಕೊಳ್ಳಲಿಲ್ಲ. ಫೋನು ನೋಡುತ್ತ, ಏನೂ ಹೇಳದೆ ಎದ್ದು ಹೊರಗೆ ಹೋದ. ಅವನ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಹಿಂದಿರುಗುವ ಆಟೋದಲ್ಲೇ ಸಾರಾಂಶ ಬಂತು. ವಕೀಲೆ ಓದಿದಳು: ಸಹೋದರಿಯು ಭಾವುಕರಾಗಿ ತಮ್ಮ ನಿಲುವನ್ನು ತಿಳಿಸಿದರು, ನೆಲಮಹಡಿಯ ಎರಡು ಕೋಣೆಗಳನ್ನು ಅವರ ಹೆಸರಿಗೆ ಬರೆಯಲು ತೀರ್ಮಾನಿಸಲಾಯಿತು, ಆಕ್ಷೇಪಣೆ ಬಂದಿಲ್ಲ, ಎಲ್ಲರೂ ಸಮ್ಮತಿಸಿದರು.

"ಭಾವುಕ ಅನ್ನೋದನ್ನ ಮೊದ್ಲು ಹೊಡೆದುಹಾಕು," ಎಂದೆ. "ಅಷ್ಟು ನೆಟ್ಟಗೆ ಆ ಹಜಾರದಲ್ಲಿ ಬೇರೆ ಯಾರೂ ಮಾತಾಡಿಲ್ಲ."

ಅವಳು ಆ ಪದವನ್ನು ಅಳಿಸಿ, ಅಕ್ಕನ ಮಾತನ್ನು ಅಕ್ಕ ಆಡಿದಂತೆಯೇ ಬೆರಳಲ್ಲಿ ಒತ್ತಿ ಸೇರಿಸಿದಳು.

"ಎಲ್ಲರೂ ಸಮ್ಮತಿಸಿದರು ಅನ್ನೋದನ್ನೂ ಹೊಡೆ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಅಂಕಲ್, ಈ ಸಲ ಆಯಮ್ಮನ ಕಡೆಗೇ ಬಂದಿದೆಯಲ್ಲ. ಬಿಡಿ. ದೊಡ್ಡ ತಮ್ಮನಿಗೆ ಇದನ್ನ ಕಳಿಸಿದ್ರೆ, ಚಿಕ್ಕೋರು ಹೇಗೆ ಆ್ಯಪಲ್ಲಿ ಬಂದಿದೆ ಅಂದ್ರೋ, ನಾವೂ ಹಾಗೇ ಅನ್ನಬಹುದು. ನಾಳೆನೇ ಪತ್ರ ಆಗುತ್ತೆ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಅದೇ ಯಂತ್ರ, ಅದೇ ಸಾಲು; ಹೋದ ವಾರ ಕೋಣೆ ಕಿತ್ತುಕೊಂಡದ್ದು ಈ ವಾರ ಹಿಂದಕ್ಕೆ ಕೊಡುತ್ತಿದೆ. ಆದರೆ ದೊಡ್ಡವನು ತಟ್ಟೆ ಮುಟ್ಟಿರಲಿಲ್ಲ. ಅಕ್ಕನ ಮೌನ ಸಮ್ಮತಿಯಲ್ಲವಾದರೆ ಅವನ ಮೌನವೂ ಅಲ್ಲ. ಅವನ ಬಗ್ಗೆ ನನಗಿದ್ದ ಸಿಟ್ಟು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆ ಸಾಲು ನನಗೆ ಹೇಸಿಗೆ ಹುಟ್ಟಿಸಿದ್ದಕ್ಕೆ ಅದೂ ಒಂದು ಕಾರಣವಿರಬೇಕು. ಅವನು ಬಳಸಿದ ಆಯುಧವನ್ನು ಎತ್ತಿಕೊಂಡು ಅವನನ್ನು ಗೆಲ್ಲುವುದಾದರೆ, ಅವನನ್ನು ಬಯ್ಯಲು ನನಗೆ ನಾಲಿಗೆ ಎಲ್ಲಿಂದ ಬರಬೇಕು?

"ಹೊಡೆ ಕಣಮ್ಮ," ಎಂದೆ. "ಹಿರಿಯ ಸಹೋದರ ಇನ್ನೂ ಒಪ್ಪಿಲ್ಲ ಅಂತ ಬರಿ."

"ಆಯಮ್ಮಂಗೆ ಯಾರು ಹೇಳ್ತಾರೆ? ನೀವೇ ಹೇಳಿ."

ಹೇಳಿದೆ. ಆಟೋದ ಗದ್ದಲದಲ್ಲಿ ಫೋನು ಕಿವಿಗೊತ್ತಿಕೊಂಡು, ನಿಮ್ಮ ಪತ್ರ ಸದ್ಯಕ್ಕೆ ಆಗುವುದಿಲ್ಲ, ಕಾರಣ ಹೀಗೆ ಎಂದು ಹೇಳಿದೆ. ಆ ಕಡೆ ಬಾಂಡ್ಲಿಯಲ್ಲಿ ಸೌಟು ಆಡುತ್ತಲೇ ಇತ್ತು. ನಾನು ಕಾದೆ.

"ಅವನು ಎಲೆ ಮುಟ್ಟಿಲ್ಲ, ಸರಿ," ಎಂದಳು ಕೊನೆಗೆ. "ಮುಟ್ಟಿದ ಅಂತ ಬರೆದ್ರೆ ತಪ್ಪಾಗ್ತಿತ್ತು. ಇರ್ಲಿ ಬಿಡಿ ಸಾರ್. ಗೋಡೆ ನಿಂತೈತಲ್ಲ."

ದೊಡ್ಡವನು ಅಂದೇ ಸಂಜೆ ಫೋನು ಮಾಡಿದ. "ನಾನು ಒಪ್ಪಿಲ್ಲ ಅಂತ ಬರ್ದಿದ್ದೀರಲ್ಲ ಸಾರ್," ಎಂದ. ದನಿಯಲ್ಲಿ ಸಿಟ್ಟಿತ್ತು.

"ಒಪ್ಪಿದ್ರಾ?"

"ಇಲ್ಲ."

"ಮತ್ತೆ?"

ಬೇರೆ ಕಚೇರಿಗೆ ಹೋಗುತ್ತೇನೆ ಎಂದು ಹೆದರಿಸುತ್ತಾನೆ ಎಂದುಕೊಂಡಿದ್ದೆ; ಅವನು ಫೋನು ಇಟ್ಟ.

ಇದು ನಡೆದು ತಿಂಗಳುಗಳಾದವು. ಬಿಡುಗಡೆ ಪತ್ರ ಇನ್ನೂ ಆಗಿಲ್ಲ. ವಕೀಲೆ ಟ್ಯಾಬ್ಲೆಟ್ಟು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಿಲ್ಲ. ಈಗ ಪ್ರತಿ ಸಾರಾಂಶದ ಮೇಲೂ ನಾವಿಬ್ಬರೂ ಜಗಳವಾಡುತ್ತೇವೆ, ಆಮೇಲೆ ಮೂಲ ಕೇಳುತ್ತೇವೆ. ಉತ್ತರಹಳ್ಳಿಯ ಆ ಎರಡು ಕೋಣೆಗಳಲ್ಲಿ ಒಲೆ ಉರಿಯುತ್ತಿದೆ. ಮೊನ್ನೆ ಸಾರಿನ ಪುಡಿ ತರಲು ಹೋದಾಗ ಅಕ್ಕ ವೀಳ್ಯದೆಲೆ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಯಾರಿಗೆ ಎಂದು ಕೇಳಿದೆ. "ದೊಡ್ಡೋನು ನಾಳೆ ಬರ್ತೀನಿ ಅಂದವ್ನೆ," ಎಂದಳು. "ತಗೊಳ್ತಾನೋ ಇಲ್ವೋ. ತಟ್ಟೆ ಅಂತೂ ಇಡ್ಬೇಕಲ್ಲ."